ಪಕ್ ಇಲ್ಲದ ಹೊತ್ತಿನಲ್ಲಿ

ಐಸ್ ಹಾಕಿ ನೋಡಲು ಕೂತವರ ಕಣ್ಣು ಪಕ್‌ನ ಬೆನ್ನು ಹತ್ತುತ್ತದೆ. ಅದು ಸಹಜ. ಮೂರು ಅಂಗುಲ ಅಗಲದ ಆ ಕಪ್ಪು ರಬ್ಬರ್ ಬಿಲ್ಲೆ ಎಲ್ಲಿದೆಯೋ ಆಟವೂ ಅಲ್ಲೇ ಇದೆ ಅನ್ನಿಸುತ್ತದೆ. ನನಗೆ ಪ್ರಿಯವಾದ ನೋಟ ಬೇರೆ. ಹದಿನಾರು ಹದಿನೇಳರ ಒಬ್ಬ ಹುಡುಗನನ್ನು ಆರಿಸಿಕೊಂಡು, ಅವನು ಐಸ್‌ಗೆ ಇಳಿದಾಗಿನಿಂದ ಬೆಂಚಿಗೆ ಮರಳುವವರೆಗೆ ಅವನೊಬ್ಬನನ್ನೇ ನೋಡುವುದು. ಒಂದು ಶಿಫ್ಟ್ ಎಂದರೆ ಹೆಚ್ಚುಕಡಿಮೆ ಮುಕ್ಕಾಲು ನಿಮಿಷ. ಅಷ್ಟರಲ್ಲಿ ಪಕ್ ಅವನ ಸ್ಟಿಕ್ಕಿಗೆ ತಾಗುವುದು ಒಂದೆರಡು ಸೆಕೆಂಡು. ಎಷ್ಟೋ ಸಲ ತಾಗುವುದೇ ಇಲ್ಲ. ಉಳಿದ ಹೊತ್ತಿನಲ್ಲಿ ಅವನು ಏನು ಮಾಡುತ್ತಾನೆ? ಆ ಹುಡುಗನ ಮುಂದಿನ ಹತ್ತು ವರ್ಷ ಅಡಗಿರುವುದು ಅಲ್ಲಿ ಎಂದು ನಾನು ನಂಬಿದ್ದೇನೆ. “ಅಮ್ಮಾ, ಗೋಲಾಯ್ತು! ನೀನೆಲ್ಲಿ ನೋಡ್ತಿದ್ದೆ?” ಎಂದು ಮಗಳು ತೋಳು ಹಿಡಿದು ಅಲುಗಿಸುತ್ತಾಳೆ. ಆಗ ನಾನು ನೋಡುತ್ತಿದ್ದದ್ದು ಗೋಲು ಹೊಡೆದವನನ್ನಲ್ಲ, ಅವನಿಗೆ ದಾರಿ ತೆರವಾಗಲೆಂದು ಡಿಫೆನ್ಸ್‌ಮನ್‌ನನ್ನು ತನ್ನ ಕಡೆಗೆ ಎಳೆದುಕೊಂಡು ಹೋದ ಇನ್ನೊಬ್ಬನನ್ನು.

ನಾವಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಿಚನರ್‌ನಲ್ಲಿ. ಶುಕ್ರವಾರ ಸಂಜೆ ಇಲ್ಲಿನ ಮೆಮೋರಿಯಲ್ ಆಡಿಟೋರಿಯಂಗೆ ಊರು ಸೇರುತ್ತದೆ. ಜನರ ಬಾಯಲ್ಲಿ ಅದು ಬರೀ ‘ಆಡ್’. ಒಂಟಾರಿಯೊ ಹಾಕಿ ಲೀಗ್‌ನ ಕಿಚನರ್ ರೇಂಜರ್ಸ್ ತಂಡದ ಮನೆ ಅದು. ಲೀಗ್‌ನಲ್ಲಿ ಆಡುವವರು ಹದಿನಾರರಿಂದ ಇಪ್ಪತ್ತರ ಹುಡುಗರು. ಒಂದು ಸೀಸನ್‌ಗೆ ತಂಡವೊಂದಕ್ಕೆ 68 ಪಂದ್ಯ. ತಂದೆತಾಯಿಯರನ್ನು ಬಿಟ್ಟು ಬಂದು, ಬೇರೆಯವರ ಮನೆಯಲ್ಲಿ ಉಳಿದು, ಶಾಲೆಗೂ ಹೋಗಿ, ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಆಡುವ ಮಕ್ಕಳು ಇವರು. ಎಲ್ಲರ ಕಣ್ಣೂ ಎನ್‌ಎಚ್‌ಎಲ್ ಡ್ರಾಫ್ಟ್ ಮೇಲೆ, ಅಂದರೆ ಅತಿ ದೊಡ್ಡ ವೃತ್ತಿಪರ ಲೀಗ್‌ನ ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ದಿನದ ಮೇಲೆ. 32 ತಂಡಗಳು, ಏಳು ಸುತ್ತು, ಒಂದೊಂದಾಗಿ ಕರೆಯುವ ಹೆಸರುಗಳು.

ನಾನು ಮಡಿಕೇರಿಯಲ್ಲಿ ಬೆಳೆದವಳು. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಶುರುವಾದಾಗಿನಿಂದ, ಉತ್ಸವ ನಡೆದ ಬೇಸಿಗೆಗಳಲ್ಲಿ ಹಿರಿಯರು ಗ್ಯಾಲರಿಯಲ್ಲಿ ಕೂತು ಹುಡುಗರನ್ನು ಅಳೆಯುತ್ತಾರೆ: ಇವನಿಗೆ ಓಟವಿದೆ, ಅವನಿಗೆ ಮಣಿಕಟ್ಟಿದೆ, ಆ ಮನೆಯವನಿಗೆ ತಾಳ್ಮೆಯಿಲ್ಲ. ಅವರ ಮಾತು ಕೇಳುತ್ತ ಹುಟ್ಟಿದ ಚಟ ಇದು. ಹುಲ್ಲಿನಿಂದ ಐಸ್‌ಗೆ ಬಂತು, ಅಷ್ಟೆ.

ಐಸ್ ಮೇಲೆ ಮೊದಲು ನೋಡಬೇಕಾದದ್ದು ಕಾಲು. ಹುಲ್ಲಿನ ಆಟದಲ್ಲಿ ಒಂದು ಗಳಿಗೆ ನಿಂತು ಯೋಚಿಸಬಹುದು. ಇಲ್ಲಿ ಕಾಲು ಜಾರುತ್ತಲೇ ಇರುತ್ತದೆ, ಯೋಚನೆಯನ್ನೂ ಜಾರುತ್ತಲೇ ಮಾಡಬೇಕು. ಸ್ಕೇಟಿನ ಅಲಗಿನ ನಡುವೆ ಸಣ್ಣ ತೋಡು, ಅದರ ಆಚೀಚೆ ಎರಡು ಅಂಚು, ಒಳಗಿನದು ಮತ್ತು ಹೊರಗಿನದು. ಆಟಗಾರನ ಎಲ್ಲ ವಿದ್ಯೆಯೂ ನಿಂತಿರುವುದು ಆ ಅಂಚುಗಳ ಮೇಲೆ. ನೇರ ಓಟದ ವೇಗ ಯಾರ ಕಣ್ಣಿಗಾದರೂ ಬೀಳುತ್ತದೆ. ನಾನು ಕಾಯುವುದು ಮೊದಲ ಮೂರು ಹೆಜ್ಜೆಗೆ, ಆಮೇಲೆ ತಿರುವಿಗೆ. ಎಡಕ್ಕೆ ತಿರುಗುವಷ್ಟೇ ಸಲೀಸಾಗಿ ಬಲಕ್ಕೂ ತಿರುಗುತ್ತಾನೆಯೇ? ತಿರುವಿನಲ್ಲಿ ವೇಗ ಸೋರಿಹೋಗುತ್ತದೆಯೋ, ಕೂಡಿಕೊಳ್ಳುತ್ತದೆಯೋ? ಮೂರನೆಯ ಪೀರಿಯಡ್‌ನಲ್ಲಿ ದಣಿದಾಗ ಬಾಗಿದ್ದ ಮೊಣಕಾಲು ನೆಟ್ಟಗಾಗುತ್ತದೆಯೇ? ಮೊಣಕಾಲು ನೆಟ್ಟಗಾದವನನ್ನು ಹಿಂದೆ ಹಾಕುವುದು ಎದುರಾಳಿಗೆ ಸುಲಭ.

ಇದೇ ಕಿಚನರ್‌ಗೆ ಆಡಿದ ಜೆಫ್ ಸ್ಕಿನ್ನರ್ ಚಿಕ್ಕಂದಿನಲ್ಲಿ ಫಿಗರ್ ಸ್ಕೇಟಿಂಗ್ ಸ್ಪರ್ಧೆಗಳಲ್ಲಿ ಪದಕ ಗೆದ್ದವನು. ಎರಡೂ ಹಿಮ್ಮಡಿಗಳನ್ನು ಎದುರುಬದುರು ತಂದು, ಪಾದಗಳನ್ನು ಹೊರಕ್ಕೆ ತೆರೆದು, ಎದೆಯನ್ನು ನೆಟ್‌ಗೆ ಒಡ್ಡಿಕೊಂಡೇ ಅವನು ಕಮಾನಿನ ಹಾದಿಯಲ್ಲಿ ಜಾರುತ್ತಿದ್ದ. ಅವನು ಯಾವ ಕಡೆಗೆ ತಿರುಗುತ್ತಾನೆಂದು ಡಿಫೆನ್ಸ್‌ಮನ್‌ಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತಿತ್ತು. 2009–10ರಲ್ಲಿ ಇಲ್ಲಿ 50 ಗೋಲು ಹೊಡೆದು, 2010ರ ಡ್ರಾಫ್ಟ್‌ನಲ್ಲಿ ಏಳನೆಯವನಾಗಿ ಕ್ಯಾರೊಲೈನಾ ತಂಡ ಸೇರಿದ. ಮರುವರ್ಷವೇ ಹೊಸಬರಲ್ಲಿ ಶ್ರೇಷ್ಠನಿಗೆ ಕೊಡುವ ಕಾಲ್ಡರ್ ಟ್ರೋಫಿ ಗೆದ್ದ.

ಗುಣಗಳನ್ನು ಬರೆದುಕೊಳ್ಳುವುದು ಅಷ್ಟು ಕಷ್ಟವಲ್ಲ. ದೋಷಗಳ ವಿಚಾರದಲ್ಲಿ ಮನಸ್ಸು ಪೂರ್ತಿ ತೊಡಗಬೇಕು. ಯಾವುದು ತಿದ್ದಿಕೊಳ್ಳಬಹುದಾದ ದೋಷ, ಯಾವುದು ಕೊನೆಯವರೆಗೂ ಜೊತೆಗೆ ಬರುವಂಥದ್ದು? ಮೂಸ್ ಜಾ ತಂಡದಲ್ಲಿದ್ದ ಬ್ರೇಡನ್ ಪಾಯಿಂಟ್ ಕುಳ್ಳ, ಸ್ಕೇಟಿಂಗ್‌ನಲ್ಲೂ ಬಲ ಸಾಲದು ಎನ್ನುತ್ತಿದ್ದರು. 2014ರ ಡ್ರಾಫ್ಟ್‌ನಲ್ಲಿ ಅವನ ಹೆಸರು ಬಂದದ್ದು 79ನೆಯದಾಗಿ. ಟ್ಯಾಂಪಾ ಬೇ ತಂಡದಲ್ಲಿ ಅವನ ಕಾಲು ತಿದ್ದಿದವರಲ್ಲಿ ಬಾರ್ಬರಾ ಅಂಡರ್‌ಹಿಲ್ ಒಬ್ಬರು; 1984ರಲ್ಲಿ ಪಾಲ್ ಮಾರ್ಟಿನಿ ಜೊತೆ ಫಿಗರ್ ಸ್ಕೇಟಿಂಗ್‌ನ ಜೋಡಿ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದವರು. 2020 ಮತ್ತು 2021ರಲ್ಲಿ ಟ್ಯಾಂಪಾ ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಗೆದ್ದಾಗ ಎರಡೂ ಪ್ಲೇಆಫ್‌ಗಳಲ್ಲಿ ಪಾಯಿಂಟ್ 14 ಗೋಲು ಹೊಡೆದ. ಕಾಲು ಕಲಿಯುತ್ತದೆ. ಮೈಗೆ ಬಲ ವಯಸ್ಸಿನೊಂದಿಗೆ ಬರುತ್ತದೆ. ಶಾಟ್ ಕೂಡ ಸಾವಿರಾರು ಸಲ ಹೊಡೆದು ಹೊಡೆದು ಹರಿತವಾಗುತ್ತದೆ.

ಕಲಿಸಲು ತೀರ ಕಷ್ಟವಾದದ್ದು ಆಟದ ಅರಿವು. ಮೂಲೆಯಲ್ಲಿರುವ ಪಕ್ ಹೆಕ್ಕಲು ಹೋಗುವ ಹುಡುಗನನ್ನು ಗಮನಿಸಿ. ಪಕ್ ಮುಟ್ಟುವ ಮೊದಲು ಅವನು ಹೆಗಲ ಮೇಲಿಂದ ಹಿಂದಕ್ಕೊಮ್ಮೆ ನೋಡುತ್ತಾನೆಯೇ? ಒಮ್ಮೆ ನೋಡಿದವನಿಗೆ ಬೆನ್ನಟ್ಟಿ ಬರುತ್ತಿರುವವನು ಕಾಣುತ್ತಾನೆ. ಎರಡು ಸಲ ನೋಡಿದವನಿಗೆ ತನ್ನವನೊಬ್ಬ ಖಾಲಿ ಜಾಗಕ್ಕೆ ನುಗ್ಗುತ್ತಿರುವುದೂ ಕಾಣುತ್ತದೆ. ಪಕ್ ಕೈಗೆ ಬಂದ ಮೇಲೆ ಯೋಚಿಸುವವನು ಈ ಲೀಗ್‌ನಲ್ಲಿ ಹೇಗೋ ಬದುಕುತ್ತಾನೆ. ಮೇಲಿನ ಲೀಗ್‌ನಲ್ಲಿ ಆ ಅರ್ಧ ಸೆಕೆಂಡು ಅವನಿಗೆ ಯಾರೂ ಕೊಡುವುದಿಲ್ಲ. ಮಾರ್ಕ್ ಸ್ಟೋನ್‌ನ ಸ್ಕೇಟಿಂಗ್ ಬಗ್ಗೆ ತಕರಾರುಗಳಿದ್ದವು, 2010ರಲ್ಲಿ ಅವನನ್ನು ಆರಿಸಿದ್ದು 178ನೆಯವನಾಗಿ. ಇವತ್ತಿಗೂ ಅವನು ವೇಗದ ಓಟಗಾರನಲ್ಲ. ಆದರೆ ಎದುರಾಳಿ ಪಾಸ್ ಎಲ್ಲಿಗೆ ಕೊಡುತ್ತಾನೆಂದು ಮೊದಲೇ ಓದಿ, ಉದ್ದನೆಯ ಸ್ಟಿಕ್ಕನ್ನು ಆ ಹಾದಿಯಲ್ಲಿ ಇಟ್ಟು ಕಾಯುತ್ತಾನೆ. 2023ರ ಸ್ಟಾನ್ಲಿ ಕಪ್ ನಿರ್ಣಯಿಸಿದ ಪಂದ್ಯದಲ್ಲಿ ವೇಗಸ್ ತಂಡದ ನಾಯಕನಾಗಿ ಮೂರು ಗೋಲು ಹೊಡೆದವನು ಅವನೇ. ಅದನ್ನು ನೋಡುವಾಗ ನನ್ನ ಸಂತೋಷಕ್ಕೆ ಮಿತಿಯಿರಲಿಲ್ಲ.

ಅಂಕಿಗಳನ್ನು ಓದುವುದಕ್ಕೂ ಒಂದು ಕಣ್ಣು ಬೇಕು. ಅಲೆಕ್ಸ್ ಡೆಬ್ರಿಂಕ್ಯಾಟ್ 2014–15ರಲ್ಲಿ ಈರಿ ಆಟರ್ಸ್ ತಂಡದಲ್ಲಿ 51 ಗೋಲು ಹೊಡೆದಾಗ ಅದೇ ತಂಡದಲ್ಲಿ ಕಾನರ್ ಮೆಕ್‌ಡೇವಿಡ್ ಇದ್ದ. ಅಂಥ ಅಸಾಮಾನ್ಯ ಆಟಗಾರ ಜೊತೆಗಿದ್ದರೆ ಯಾರು ಬೇಕಾದರೂ ಹೊಡೆಯುತ್ತಾರೆ ಎನ್ನುವ ಮಾತು ಬರುವುದು ಸಹಜವೇ. ಮರುವರ್ಷ ಮೆಕ್‌ಡೇವಿಡ್ ಎನ್‌ಎಚ್‌ಎಲ್‌ಗೆ ಹೋದ. ಡೆಬ್ರಿಂಕ್ಯಾಟ್ ಮತ್ತೆ 51 ಹೊಡೆದ. ಇಷ್ಟಾದರೂ ಐದೂವರೆ ಅಡಿಗಿಂತ ಸ್ವಲ್ಪವೇ ಎತ್ತರದ ಆ ಹುಡುಗನಿಗೆ 2016ರಲ್ಲಿ ಸಿಕ್ಕಿದ್ದು 39ನೆಯ ಸ್ಥಾನ. ಮುಂದೆ ಅವನು ಷಿಕಾಗೊಗೆ ಎರಡು ಸೀಸನ್‌ಗಳಲ್ಲಿ 41 ಗೋಲು ಹೊಡೆದ. ಎತ್ತರದ ಮೇಲಿನ ಈ ಮೋಹ ನನಗೆ ಎಂದೂ ಹಿಡಿಸಿಲ್ಲ.

ಹುಟ್ಟಿದ ತಿಂಗಳನ್ನೂ ನೋಡುತ್ತೇನೆ. ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬುವವರು ಆ ವರ್ಷದ ಡ್ರಾಫ್ಟ್‌ಗೆ ಅರ್ಹರು. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡೇ ದಿನಕ್ಕೆ 2015ರ ಡ್ರಾಫ್ಟ್ ತಪ್ಪಿ, 2016ರಲ್ಲಿ ಮೊದಲಿಗನಾಗಿ ಆಯ್ಕೆಯಾದ. ಮಕ್ಕಳ ಹಾಕಿಯಲ್ಲಿ ವಯಸ್ಸಿನ ಗೆರೆ ಜನವರಿ 1. ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನವನಿಗಿಂತ ಹತ್ತಿರಹತ್ತಿರ ಒಂದು ವರ್ಷ ದೊಡ್ಡವನು, ದಪ್ಪನವನು. ಒಳ್ಳೆಯ ತಂಡ, ಒಳ್ಳೆಯ ಕೋಚ್ ಅವನ ಪಾಲಿಗೆ. ಇದನ್ನು 1980ರ ದಶಕದಲ್ಲೇ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಎತ್ತಿ ತೋರಿಸಿದರು. ಹಾಗಾಗಿ ವರ್ಷದ ಕೊನೆಯಲ್ಲಿ ಹುಟ್ಟಿಯೂ ಈ ಮಟ್ಟಕ್ಕೆ ಬಂದ ಹುಡುಗನ ಹೆಸರಿನ ಪಕ್ಕ ನನ್ನ ಪುಸ್ತಕದಲ್ಲಿ ಒಂದು ಚುಕ್ಕಿ ಬೀಳುತ್ತದೆ.

ಕೊಡಗಿನ ತೋಟಗಳಲ್ಲಿ ಕಾಫಿ ಹೂವು ಬಿಟ್ಟಾಗಲೇ ಫಸಲು ಅಂದಾಜು ಮಾಡುವವರಿದ್ದಾರೆ. ಹೂವು ನಿಜ, ಅಂದಾಜು ಮಾಡುವ ಅನುಭವವೂ ನಿಜ, ಆದರೆ ಆಮೇಲಿನ ಮಳೆ ಯಾರ ಕೈಯಲ್ಲೂ ಇಲ್ಲ. ಅಲೆಕ್ಸಾಂಡ್ರ್ ದೇಗ್ಲ್ 1992–93ರಲ್ಲಿ ಕ್ವಿಬೆಕ್‌ನ ಜೂನಿಯರ್ ಲೀಗ್‌ನಲ್ಲಿ 53 ಪಂದ್ಯಗಳಿಂದ ಗೋಲು, ಅಸಿಸ್ಟ್ ಸೇರಿ 137 ಅಂಕ ಗಳಿಸಿ, ಡ್ರಾಫ್ಟ್‌ನಲ್ಲಿ ಮೊದಲಿಗನಾದ. ಎರಡನೆಯವನಾಗಿ ಹೋದ ಕ್ರಿಸ್ ಪ್ರಾಂಗರ್ ಹಾಲ್ ಆಫ್ ಫೇಮ್ ಸೇರಿದ. ದೇಗ್ಲ್ ಆ ಎತ್ತರ ಮುಟ್ಟಲಿಲ್ಲ, ಆದರೂ ಅವನ ವೇಗ, ಕೈಚಳಕ ಸುಳ್ಳಾಗಿರಲಿಲ್ಲ. ಗೋಲ್‌ಕೀಪರ್‌ಗಳ ವಿಷಯವಂತೂ ಇನ್ನೂ ಗೂಢ. ಮುಂದೆ ದೊಡ್ಡ ಹೆಸರು ಮಾಡಿದ ಹೆನ್ರಿಕ್ ಲುಂಡ್‌ಕ್ವಿಸ್ಟ್ 2000ದಲ್ಲಿ 205ನೆಯವನಾಗಿ ಆಯ್ಕೆಯಾದವನು. ಹದಿನೇಳರ ಗೋಲ್‌ಕೀಪರ್‌ನ ಬಗ್ಗೆ ನಾನು ಏನನ್ನೂ ಬರೆಯುವುದಿಲ್ಲ.

ಯಾವ ತಂಡವೂ ಆರಿಸದ ಹುಡುಗರಿದ್ದಾರಲ್ಲ, ಅವರ ಕಡೆಗೆ ನನ್ನ ಮನಸ್ಸು ಹೆಚ್ಚು ವಾಲುತ್ತದೆ. ಬ್ರಿಟಿಷ್ ಕೊಲಂಬಿಯಾದ ಸರ್ರಿಯ ಪಂಜಾಬಿ ಮನೆತನದ ಅರ್ಶ್‌ದೀಪ್ ಬೈನ್ಸ್‌ನ ಹೆಸರನ್ನು ಡ್ರಾಫ್ಟ್‌ನಲ್ಲಿ ಯಾರೂ ಕರೆಯಲಿಲ್ಲ. ಅವನು ಆಡುವುದನ್ನು ಬಿಡಲಿಲ್ಲ. 2021–22ರಲ್ಲಿ ರೆಡ್ ಡೀರ್ ತಂಡದ ಪರ 112 ಅಂಕ ಗಳಿಸಿ, ಇಡೀ ವೆಸ್ಟರ್ನ್ ಹಾಕಿ ಲೀಗ್‌ಗೆ ಮೊದಲಿಗನಾದ. ವ್ಯಾಂಕೂವರ್ ಅವನನ್ನು ಸೇರಿಸಿಕೊಂಡಿತು, 2024ರಲ್ಲಿ ಎನ್‌ಎಚ್‌ಎಲ್‌ಗೆ ಕಾಲಿಟ್ಟ.

ಸದ್ಯ ನನ್ನ ಕಣ್ಣಿರುವುದು ಹದಿನೇಳರ ಒಬ್ಬ ಡಿಫೆನ್ಸ್‌ಮನ್ ಮೇಲೆ. ಅವನ ಖಾತೆಯಲ್ಲಿ ಗೋಲುಗಳಿಲ್ಲ, ಚಪ್ಪಾಳೆಯೂ ಕಡಿಮೆ. ಪಕ್ ಹೆಕ್ಕುವ ಮುನ್ನ ಎರಡು ಸಲ ಹಿಂದಕ್ಕೆ ನೋಡುತ್ತಾನೆ, ಮೊದಲ ಪಾಸ್ ನೇರ ತನ್ನವನ ಸ್ಟಿಕ್ಕಿಗೆ ಸೇರುತ್ತದೆ. ಆದರೆ ಹಿಮ್ಮುಖವಾಗಿ ಜಾರುವಾಗ ಎಡಕ್ಕೆ ತಿರುಗುವಲ್ಲಿ ಒಂದು ಹೆಜ್ಜೆ ತಡ. ಅದಕ್ಕೆ ಹೆದರಿ, ಎದುರಾಳಿಗೂ ತನಗೂ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಅಂತರ ಬಿಟ್ಟು, ಬ್ಲೂ ಲೈನ್ ಸುಮ್ಮನೆ ಬಿಟ್ಟುಕೊಡುತ್ತಾನೆ. ಹೆದರಿಕೆ ಕಾಲಿನದು, ತಲೆಯದಲ್ಲ ಎಂದು ನನ್ನ ತೀರ್ಮಾನ. ಬರುವ ಶುಕ್ರವಾರ ಇದೇ ಲೀಗ್‌ನ ಲಂಡನ್ ನೈಟ್ಸ್ ಬರುತ್ತಿದ್ದಾರೆ, ಅವರ ವಿಂಗರ್‌ಗಳು ಅವನ ಎಡಕ್ಕೇ ನುಗ್ಗುತ್ತಾರೆ. ಆ ಅಂತರ ಒಂದು ಸ್ಟಿಕ್ಕಿನಷ್ಟಾದರೂ ಕಿರಿದಾಗಿದೆಯೇ ಎಂದು ನೋಡಬೇಕು.