ಬಿಂದಿಗೆ ಕತ್ತಿನ ರಸ್ತೆಗಳು

ಬೆಂಗಳೂರಿನಲ್ಲಿ ಹೊಸ ಡಾಂಬರು ಬಿದ್ದ ರಸ್ತೆಯನ್ನು ಒಂದು ತಿಂಗಳಾದರೂ ಯಾರೂ ಅಗೆಯದಿದ್ದರೆ ನಮಗೆ ಗಾಬರಿಯಾಗುತ್ತದೆ. ಮೊದಲು ನೀರಿನವರು ಬರಬೇಕು. ಅವರು ಮಣ್ಣು ಮುಚ್ಚಿ ಹೋದಮೇಲೆ ಕರೆಂಟಿನವರು, ಅವರ ಬೆನ್ನಿಗೆ ಇಂಟರ್ನೆಟ್ಟಿನವರು. ಎಲ್ಲರೂ ಹಾಕಿದ ತೇಪೆಯನ್ನು ಕಿತ್ತು ಗುಂಡಿ ಮಾಡುವ ಕೆಲಸ ಮಳೆಯದು. ಅಷ್ಟಾದ ಮೇಲೆ ಮತ್ತೆ ಡಾಂಬರು.

ಈ ಸರದಿಯನ್ನು ಮುರಿಯಲು ಬಂದದ್ದು ಟೆಂಡರ್‌ಶ್ಯೂರ್. ಜನ ಅರ್ಬನ್ ಸ್ಪೇಸ್ ಎಂಬ ಸಂಸ್ಥೆ ಸಿದ್ಧಪಡಿಸಿದ ಈ ಕ್ರಮದ ತಿರುಳು ಇಷ್ಟೇ: ರಸ್ತೆಯನ್ನು ಒಂದೇ ಸಲ ಆಳಕ್ಕೆ ಅಗೆಯಿರಿ, ಕೇಬಲ್ಲುಗಳಿಗೆಲ್ಲ ಫುಟ್‌ಪಾತಿನ ಕೆಳಗೆ ಕೊಳವೆ ದಾರಿ ಮಾಡಿಕೊಡಿ, ಮುಂದೆ ರಿಪೇರಿ ಬಂದರೆ ಮುಚ್ಚಳ ತೆಗೆದು ಕೆಲಸ ಮಾಡಲಿ, ಡಾಂಬರು ಮುಟ್ಟುವುದು ಬೇಡ. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳು ಹೀಗೆ ಹೊಟ್ಟೆ ಸೀಳಿಸಿಕೊಂಡು ಮೇಲೆದ್ದವು. ಎದ್ದು ನೋಡಿದರೆ ಡಾಂಬರಿನ ಭಾಗ ಸಪೂರವಾಗಿತ್ತು, ಫುಟ್‌ಪಾತು ಊದಿಕೊಂಡಿತ್ತು.

"ಗಾಡಿಗೇ ಜಾಗ ಇಲ್ಲ, ನಡೆಯೋರಿಗೆ ಇಷ್ಟಗಲ ಯಾಕ್ ಸಾರ್?" ಎಂದು ಆಗ ಕೇಳದ ಆಟೋದವರಿಲ್ಲ. ಕಾರಿನವರೂ ಇದನ್ನೇ ಇಂಗ್ಲಿಷಿನಲ್ಲಿ ಕೇಳಿದರು. ಆದರೆ ಹಳೆಯ ರಸ್ತೆಯ ಅಗಲ ಎಂಥದಿತ್ತು? ಇಲ್ಲಿ ಎರಡು ಸಾಲು, ಮುಂದೆ ನಾಲ್ಕು, ಒಂದು ಮರ ಅಡ್ಡ ಬಂತೆಂದರೆ ಮತ್ತೆ ಎರಡು. ಬಿಂದಿಗೆಯ ಹೊಟ್ಟೆ ಎಷ್ಟೇ ದೊಡ್ಡದಿರಲಿ, ನೀರು ಸುರಿಯುವುದು ಕತ್ತಿನ ಅಳತೆಯಲ್ಲಿಯೇ. ಆ ಹೊಟ್ಟೆಯ ಜಾಗ ವಾಹನ ಓಡಲಿಕ್ಕೆ ಒದಗುತ್ತಿರಲಿಲ್ಲ; ಪಾರ್ಕಿಂಗಿಗೆ, ಮೂತಿ ತೂರಿಸುವುದಕ್ಕೆ, ಜಗಳಕ್ಕೆ ಒದಗುತ್ತಿತ್ತು. ಅದನ್ನು ಕತ್ತರಿಸಿ ಸಾಲುಗಳನ್ನು ಉದ್ದಕ್ಕೂ ಒಂದೇ ಸಮ ಮಾಡಿ, ಮಿಕ್ಕಿದ್ದನ್ನು ಕಾಲಿಗೆ ಕೊಟ್ಟರು. ಕಿತ್ತುಕೊಂಡದ್ದೇನೂ ಇಲ್ಲ. ಇದನ್ನು ಯಾವ ಆಟೋದವರಿಗೂ ಒಪ್ಪಿಸಲು ನನ್ನಿಂದ ಆಗಿಲ್ಲ, ಮೀಟರ್ ಓಡುತ್ತಿರುತ್ತದೆ.

ನಡೆಯುವವರ ಕಷ್ಟ ಬರೀ ಅಗಲದ್ದಲ್ಲ, ಎತ್ತರದ್ದೂ ಹೌದು. ಫುಟ್‌ಪಾತು ರಸ್ತೆಯಿಂದ 150 ಮಿಲಿಮೀಟರಿಗಿಂತ ಎತ್ತರ ಇರಬಾರದು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ. ನಮ್ಮ ಬಡಾವಣೆಗಳಲ್ಲಿ ಮೊಣಕಾಲೆತ್ತರದ ಜಗಲಿಗಳಿವೆ. ಅವೂ ಪ್ರತಿ ಗೇಟಿನ ಮುಂದೆ ಕಾರಿಗೆ ತಲೆಬಾಗಿ ಇಳಿದು, ಆಚೆ ಮತ್ತೆ ಏರುತ್ತವೆ. ಮಂಡಿ ನೋವಿನ ಅಜ್ಜಿ ಹತ್ತು ಮನೆ ದಾಟುವಷ್ಟರಲ್ಲಿ ಒಂದು ಸಣ್ಣ ಬೆಟ್ಟ ಹತ್ತಿಳಿದಿರುತ್ತಾರೆ. ಅವರು ಜಗಲಿ ಬಿಟ್ಟು ರಸ್ತೆಗಿಳಿದರೆ ಹಿಂದಿನಿಂದ ಹಾರ್ನು, "ಫುಟ್‌ಪಾತ್ ಮೇಲೆ ಹೋಗಮ್ಮ" ಎಂಬ ಬುದ್ಧಿಮಾತು.

ಹೊಟ್ಟೆ ಸೀಳಿಸಿಕೊಳ್ಳುವ ಸರದಿ ಚರ್ಚ್ ಸ್ಟ್ರೀಟಿಗೆ ಬಂದದ್ದು 2017ರಲ್ಲಿ. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗಿನ ಮುಕ್ಕಾಲು ಕಿಲೋಮೀಟರು ಬೀದಿಗೆ ಒಂದು ವರ್ಷ ಹಿಡಿಯಿತು. ಅಲ್ಲಿನ ಪುಸ್ತಕದಂಗಡಿಗೆ ಹಲಗೆ ಮೇಲೆ ಕಾಲಿಟ್ಟು ಹೋಗಬೇಕಿತ್ತು. ಕೊಂಡ ಹಳೆಯ ಪುಸ್ತಕದ ಮೇಲಿನ ಧೂಳು ಲೇಖಕನ ಕಾಲದ್ದೋ ಕಾಮಗಾರಿಯದೋ ಎಂದು ಗೊತ್ತಾಗುತ್ತಿರಲಿಲ್ಲ. 2018ರಲ್ಲಿ ತೆರೆದಾಗ ಡಾಂಬರಿನ ಜಾಗದಲ್ಲಿ ಕಲ್ಲು ಹಾಸು, ಎರಡೂ ಬದಿ ಆರಾಮಾಗಿ ಅಡ್ಡಾಡುವಷ್ಟು ಜಾಗ. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ವಾಹನಗಳನ್ನೇ ನಿಲ್ಲಿಸಿದರು. ಕಾಫಿ ಹೌಸಿನಿಂದ ಹೊರಬಿದ್ದವರು ನಡುಬೀದಿಯಲ್ಲಿ ನಿಂತು ಮಾತು ಮುಂದುವರಿಸಿದರೂ ಬೈಯುವವರಿರಲಿಲ್ಲ.

ಕಲ್ಲು ಹಾಸಿದ ಬೀದಿಯಲ್ಲಿ ಗಾಡಿಗಳು ತಾವಾಗಿ ನಿಧಾನಿಸುತ್ತವೆ. ನಿಜ. ಆದರೆ ಆ ಕಲ್ಲಿನ ಪೆಟ್ಟು ಮೊದಲು ತಗಲುವುದು ವೇಗವೇ ಇಲ್ಲದ ಸೈಕಲ್ಲಿಗೆ. ದೊಡ್ಡ ಕಾರಿನವನಿಗೆ ಏನೂ ಗೊತ್ತಾಗುವುದಿಲ್ಲ. ಸೈಕಲ್ಲಿನವನ ಹಲ್ಲು, ಕನ್ನಡಕ, ಕ್ಯಾರಿಯರಿನ ಪುಸ್ತಕ ಮೂರೂ ತಾಳ ಹಾಕುತ್ತವೆ. ಈ ಊರಿನಲ್ಲಿ ಸೈಕಲ್ಲಿನ ಹಣೆಬರಹವೇ ಹೀಗೆ. ಜಯನಗರದಲ್ಲಿ ಅದಕ್ಕೆಂದೇ ಪಟ್ಟೆ ಬಳಿದರು, ಅಲ್ಲಿ ಕಾರುಗಳು ಬಂದು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯ ಅಂಚಿಗೆ ಗಿಡ್ಡ ಕಂಬ ನೆಟ್ಟು ದಾರಿ ಬಿಡಿಸಿಕೊಟ್ಟರು, ಕಂಬಗಳ ನಡುವೆ ಬೈಕುಗಳು ನುಗ್ಗಿದವು. ಬಣ್ಣ ಬಳಿದ ಮಾತ್ರಕ್ಕೆ ಇಲ್ಲಿ ಯಾರೂ ಜಾಗ ಬಿಡುವುದಿಲ್ಲ. ಫುಟ್‌ಪಾತಿನಂತೆ ಸೈಕಲ್ ದಾರಿಯನ್ನೂ ಕಲ್ಲು ಕಟ್ಟಿ ಬೇರೆ ಮಾಡಬೇಕು.

ಈಗ ನಮ್ಮ ಅಡ್ಡರಸ್ತೆಯನ್ನೂ ಅಗೆದಿದ್ದಾರೆ. ಎದುರು ಮನೆಯ ಆಂಟಿ ಮೊನ್ನೆ ಮೇಸ್ತ್ರಿಯನ್ನು ತಡೆದು ನಿಲ್ಲಿಸಿ, "ಫುಟ್‌ಪಾತ್ ಎಷ್ಟಗಲ ಮಾಡ್ತೀರಪ್ಪ?" ಎಂದು ಕೇಳಿದರು.

"ಎಷ್ಟು ಉಳಿಯುತ್ತೋ ಅಷ್ಟು ಅಮ್ಮ."

"ಮೊದಲು ಅದನ್ನ ಹಾಕಿ. ಉಳಿದದ್ದರಲ್ಲಿ ಕಾರು ಓಡಾಡ್ಲಿ."

ಮೇಸ್ತ್ರಿ ಟೇಪನ್ನು ಹಿಡಿದುಕೊಂಡು ಒಂದು ಕ್ಷಣ ಯೋಚಿಸಿದ. "ಆಯ್ತಮ್ಮ, ಹಾಕೋಣ. ಆ ಬಿಳಿ ಕಾರು ಯಾರದು? ತೆಗೆಸಿ, ಅಳತೆ ಹಿಡೀಬೇಕು."

ಕಾರು ಆಂಟಿಯ ಮಗನದು. ಕೀ ಅವನ ಹತ್ತಿರವಿತ್ತು, ಅವನು ಆಫೀಸಿಗೆ ಮೆಟ್ರೋದಲ್ಲಿ ಹೋಗಿದ್ದ.