ಪ್ರಿಂಟರ್ ಕಾಣೆಯಾದ ವಾರ

ಜೂನ್ 9, ಸೋಮವಾರ, ರಾತ್ರಿ

ಅಪ್ಪನ ರಕ್ತಪರೀಕ್ಷೆಯ ವರದಿ ಪ್ರಿಂಟ್ ಆಗಲಿಲ್ಲ. ಪ್ರಿಂಟರ್ ಪಕ್ಕದ ಮೇಜಿನ ಮೇಲೇ ಇದೆ, ಹಸಿರು ದೀಪ ಉರಿಯುತ್ತಿದೆ. ಲ್ಯಾಪ್‌ಟಾಪಿಗೆ ಅದು ಕಾಣುತ್ತಿಲ್ಲ. ರೌಟರ್ ಆಫ್ ಮಾಡಿ ಆನ್ ಮಾಡಿದ್ದೂ ದಂಡ. ಕೊನೆಗೆ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಂಡು ಬಂದೆ. ಅಪ್ಪ ಏನೂ ಅನ್ನಲಿಲ್ಲ. ಅದೇ ಕಷ್ಟವಾಯಿತು.

ಜೂನ್ 10, ಬೆಳಿಗ್ಗೆ

ಫೋನಿನಿಂದ ಕೊಟ್ಟರೆ ತಕ್ಷಣ ಬಂತು. ಅದೇ ವೈಫೈ. ಲ್ಯಾಪ್‌ಟಾಪಿನಲ್ಲಿ ಕಚೇರಿಯವರು ಹಾಕಿಕೊಟ್ಟ ವಿಪಿಎನ್ ಇದೆ, ಫೋನಿನಲ್ಲಿ ಅದಿಲ್ಲ.

ಮಧ್ಯಾಹ್ನ

ವಿಪಿಎನ್ ನಿಲ್ಲಿಸಿದೆ, ಪ್ರಿಂಟರ್ ಬಂತು. ಹಾಕಿದೆ, ಹೋಯಿತು.

ಜೂನ್ 11, ರಾತ್ರಿ

ಕೂತು ಓದಿದೆ. ಪ್ರಿಂಟರ್ ಹುಡುಕುವುದೆಂದರೆ ಲ್ಯಾಪ್‌ಟಾಪ್ ಮನೆಯ ಜಾಲದೊಳಗೆ ಒಂದು ಕೂಗು ಹಾಕುವುದು. 224.0.0.251 ಎಂಬ ವಿಳಾಸ, 5353ನೇ ಪೋರ್ಟ್. ಎಂಡಿಎನ್‌ಎಸ್ ಅನ್ನುತ್ತಾರೆ. ಕೇಳಿಸಿಕೊಂಡ ಸಾಧನ ತನ್ನ ಹೆಸರು, ವಿಳಾಸ ಹೇಳುತ್ತದೆ. ಈ ಕೂಗು ರೌಟರ್ ದಾಟಿ ಹೊರಗೆ ಹೋಗುವುದಿಲ್ಲ, ಹೋಗಲೂಬಾರದು. ವಿಪಿಎನ್ ಬಂದ ಮೇಲೆ ಅದು ಕಚೇರಿಗೆ ಹೋಗುವ ಸುರಂಗದ ಕಡೆ ತಿರುಗಿ ಉತ್ತರವಿಲ್ಲದೆ ಕಳೆದುಹೋಗುತ್ತದೆ, ಇಲ್ಲವೇ ಫೈರ್‌ವಾಲ್ ತಡೆಯುತ್ತದೆ.

ಪ್ರಿಂಟರಿನ ಐಪಿಯನ್ನೇ ನೇರ ಕೊಟ್ಟು ನೋಡಿದೆ. ಅದೂ ಇಲ್ಲ. ಅಂದರೆ ತಡೆದಿರುವುದು ಕೂಗನ್ನಷ್ಟೇ ಅಲ್ಲ, ಮನೆಯ ವಿಳಾಸಗಳಿಗೇ ಬಾಗಿಲು ಹಾಕಿದ್ದಾರೆ.

ಇನ್ನೊಂದು ತೊಡಕೂ ಇದೆ. 192.168ರಿಂದ ಶುರುವಾಗುವ ಸಂಖ್ಯೆಗಳನ್ನು ಯಾರು ಬೇಕಾದರೂ ಒಳಬಳಕೆಗೆ ಇಟ್ಟುಕೊಳ್ಳಬಹುದು. 1996ರ ಆರ್‌ಎಫ್‌ಸಿ 1918ರ ಏರ್ಪಾಡು. ನಮ್ಮ ಮನೆಯದೂ ಕಚೇರಿಯದೂ ಒಂದೇ ಸರಣಿಯಾದರೆ ಲ್ಯಾಪ್‌ಟಾಪ್ ಯಾವ ಕಡೆ ಹೋಗಬೇಕು?

ಜೂನ್ 12, ಗುರುವಾರ

ಸ್ಥಳೀಯ ಜಾಲಕ್ಕೆ ಅನುಮತಿ ಕೊಡಿ ಎಂದು ಐಟಿಯವರಿಗೆ ಬರೆದಿದ್ದೆ. ಆಗುವುದಿಲ್ಲವಂತೆ, ನೀತಿ. ಸಿಟ್ಟು ಬಂತು. ನನ್ನ ಮನೆಯೊಳಗೆ ಯಾವುದು ನಂಬಿಕಸ್ಥ ಎಂದು ದೂರದ ಯಾರೋ ತೀರ್ಮಾನಿಸುತ್ತಾರೆ.

ರಾತ್ರಿ

ಅಮ್ಮ: “ಟೀವಿಗೆ ಯಕ್ಷಗಾನ ಹಾಕಿಕೊಡ್ತೀಯಾ ಮಗಾ?” ಫೋನಿನಲ್ಲಿ ಟೀವಿಯ ಹೆಸರೇ ಬರಲಿಲ್ಲ. ಬಸ್‌ಸ್ಟ್ಯಾಂಡಿನ ವೈಫೈಗೆಂದು ಸಂಜೆ ಹಾಕಿದ ವಿಪಿಎನ್ ಇನ್ನೂ ನಡೆಯುತ್ತಿತ್ತು. ಇದು ನನ್ನದೇ ಆ್ಯಪ್, ಸೆಟ್ಟಿಂಗ್ ನನ್ನ ಕೈಯಲ್ಲಿದೆ. ‘ಲೋಕಲ್ ನೆಟ್‌ವರ್ಕ್’ ಗುಂಡಿ ಒತ್ತಿದೆ. ಟೀವಿ ಸಿಕ್ಕಿತು. ಅಮ್ಮ ಪ್ರಸಂಗ ಮುಗಿಯುವವರೆಗೂ ಕೂತಿದ್ದರು.

ಜೂನ್ 13, ನಡುರಾತ್ರಿ

ನಿದ್ದೆ ಇಲ್ಲ. 2023ರ ಟನಲ್‌ಕ್ರ್ಯಾಕ್ ಸಂಶೋಧನೆ ಓದಿದೆ. ಸ್ಥಳೀಯ ಜಾಲಕ್ಕೆ ಕೊಡುವ ಇದೇ ರಿಯಾಯಿತಿಯನ್ನು ಹಿಡಿದು ಮಾಡುವ ದಾಳಿ. ಮೋಸದ ವೈಫೈ ಒಂದು ಹೊರಗಿನ ಸರ್ವರ್‌ನ ವಿಳಾಸವನ್ನೇ ‘ಇದು ಸ್ಥಳೀಯ’ ಎಂದು ತೋರಿಸುತ್ತದೆ. ಸ್ಥಳೀಯವಾದದ್ದನ್ನು ಬಿಡು ಎಂದು ಹೇಳಿಸಿಕೊಂಡ ವಿಪಿಎನ್ ಆ ಸಂಚಾರವನ್ನು ಸುರಂಗದ ಹೊರಗೇ ಬಿಟ್ಟುಬಿಡುತ್ತದೆ.

ಐಟಿಯವರು ಹೇಳಿದ್ದು ಸರಿ ಇರಬಹುದು. ಅವರ ಲ್ಯಾಪ್‌ಟಾಪಿಗೆ ನನ್ನ ಮನೆಯೂ ಬಸ್‌ಸ್ಟ್ಯಾಂಡೂ ಒಂದೇ. ಆದರೆ ನನಗೆ ಒಂದೇ ಅಲ್ಲವಲ್ಲ. ಇದನ್ನು ಹೇಳುವ ಗುಂಡಿ ಎಲ್ಲಿದೆ?

ಜೂನ್ 15, ಭಾನುವಾರ

ಯುಎಸ್‌ಬಿ ವೈರ್ ತಂದೆ. ಅದಕ್ಕೆ ಜಾಲವೇ ಬೇಡ, ವಿಪಿಎನ್ ಇದ್ದರೂ ಪ್ರಿಂಟ್ ಬರುತ್ತದೆ. ಅಪ್ಪನ ಮುಂದಿನ ವರದಿ ಬುಧವಾರ.

ಫೋನಿನ ಗುಂಡಿ ಇನ್ನೂ ಆನ್ ಇದೆ. ನಾಳೆ ಬೆಂಗಳೂರಿಗೆ ಹೊರಡುವ ಮೊದಲು ಆರಿಸಬೇಕು. ಬಂದ ಮೇಲೆ ಅಮ್ಮನಿಗಾಗಿ ಮತ್ತೆ ಹಾಕಬೇಕು. ಹೀಗೇ ಎಷ್ಟು ದಿನ ನಡೆದೀತು, ಗೊತ್ತಿಲ್ಲ.