ವಜ್ರದ ಚಿತ್ರ ನೋಡಿದ ಮೇಲೆ

ಮೊಮ್ಮಗನ ಒತ್ತಾಯಕ್ಕೆ 2006ರ ‘ಬ್ಲಡ್ ಡೈಮಂಡ್’ ನೋಡಿದೆ. ಸಿಯೆರಾ ಲಿಯೋನ್‌ನ ಅಂತರ್ಯುದ್ಧದಲ್ಲಿ (1991–2002) ಬಂಡುಕೋರರು ವಜ್ರಗಳನ್ನು ಕಳ್ಳಸಾಗಣೆ ಮಾಡಿ ಬಂದೂಕು ಕೊಳ್ಳುತ್ತಿದ್ದ ಕಥೆಯದು. ಗುಂಡಿನ ಕಾಳಗಗಳು ಅತಿಯೆನಿಸಿದವು. ಆದರೆ ಶಾಲೆಗೆ ಹೋಗುತ್ತಿದ್ದ ಹುಡುಗ ಡಿಯಾ ಬಂಡುಕೋರರ ಕೈಗೆ ಸಿಕ್ಕಿ, ಹುಡುಕಿಕೊಂಡು ಬಂದ ತಂದೆ ಸೊಲೊಮನ್‌ನತ್ತಲೇ ಬಂದೂಕು ಹಿಡಿದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ. ತಂದೆ ಕದಲಲಿಲ್ಲ, ಮಾತಾಡಿಸುತ್ತಲೇ ನಿಂತ.

ನಮ್ಮ ಜಂಗಮಕೋಟೆಯಲ್ಲಿ ಯುದ್ಧವಿರಲಿಲ್ಲ. ಆದರೂ ನನ್ನ ಹಾಜರಿ ಪುಸ್ತಕದಿಂದ ಮಕ್ಕಳು ಕಾಣೆಯಾಗುತ್ತಿದ್ದರು. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಘಟಕವೊಂದಕ್ಕೆ ಅಂಥ ಒಬ್ಬನನ್ನು ಕರೆತರಲು ಹೋಗಿದ್ದೆ. ಬಿಸಿನೀರಿನಲ್ಲಿ ಗೂಡು ತಿರುವಿ ಬೊಬ್ಬೆಯೆದ್ದ ಬೆರಳುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟು, “ಅಪ್ಪ ಇಸ್ಕೊಂಡ ಮುಂಗಡ ತೀರಿಲ್ಲ ಸಾರ್” ಎಂದ. ನಾನು ಸೊಲೊಮನ್‌ನಂತೆ ಹಟ ಹಿಡಿಯಲಿಲ್ಲ. ಊರಿನ ಬಸ್ಸು ಹತ್ತಿದೆ.